ಬಿಲ್ಲಿಗೆ ಲೈಸೆನ್ಸ್ ಕೇಳುವ ಮೊದಲು ಮೈದಾನ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ವಾಚಕರ ಪುಟದಲ್ಲಿ ಓದುಗರೊಬ್ಬರು ಬಿಲ್ಲು ಬಾಣದ ಬಗ್ಗೆ ಬರೆದ ಪತ್ರ ಓದಿದೆ. ಬಂದೂಕಿಗೆ ಇರುವ ಹಾಗೆ ಬಿಲ್ಲಿಗೂ ಲೈಸೆನ್ಸ್ ಇರಬೇಕು, ಪ್ರತಿ ಬಿಲ್ಲಿಗೂ ನಂಬರ್ ಕೊಟ್ಟು ಪೊಲೀಸರ ಬಳಿ ನೋಂದಾಯಿಸಬೇಕು ಎಂಬುದು ಅವರ ವಾದ. ಯಾರೋ ಒಬ್ಬ ಬಿಲ್ಲು ಹಿಡಿದು ಜನರ ಮೇಲೆ ಬೀಳಬಹುದು ಎಂಬ ಅವರ ಭಯ ಸುಳ್ಳಲ್ಲ. ಆದರೆ ಅವರು ಹೇಳಿದಂತೆ ಮಾಡಿದರೆ ಆ ಭಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ ಎಂದು ನನಗೆ ಅನಿಸಿತು. ಅದಕ್ಕೇ ಈ ಪತ್ರ.

ನಾನು ಬಿಲ್ಲುಗಾರ್ತಿ ಅಲ್ಲ. ಮಗಳನ್ನು ಅಭ್ಯಾಸಕ್ಕೆ ಕರೆದುಕೊಂಡು ಹೋಗಿ, ಅವಳದು ಮುಗಿಯುವವರೆಗೆ ಮೈದಾನದ ಅಂಚಿನಲ್ಲಿ ಸುಮ್ನೆ ಕೂತಿರುತ್ತಿದ್ದವಳು. ಕೂತು ಕೂತು ಬೇಜಾರಾಗಿ ಬಾಣಕ್ಕೆ ಗರಿ ಅಂಟಿಸುವುದನ್ನು ಕಲಿತೆ. ಆಮೇಲೆ ಹೆದೆ ಕಟ್ಟುವುದು ಬಂತು. ಮಗಳು ಆರ್ಚರಿ ಬಿಟ್ಟು ಓದಿನ ಕಡೆ ಹೋದಳು, ನಾನು ಅಲ್ಲೇ ಉಳಿದೆ. ಈಗ ಮಕ್ಕಳ ಬಿಲ್ಲು ರಿಪೇರಿ ಮಾಡಿಕೊಡುತ್ತೇನೆ, ಅಭ್ಯಾಸದ ಹೊತ್ತಿನಲ್ಲಿ ಸೀಟಿ ಹಿಡಿದು ಗೆರೆಯ ಹತ್ತಿರ ನಿಲ್ಲುತ್ತೇನೆ. ಎಲ್ಲರೂ ನನ್ನನ್ನು ಆಂಟಿ ಅಂತಲೇ ಕರೆಯುತ್ತಾರೆ, ಮೀಸೆ ಬಂದ ಹುಡುಗರೂ ಸೇರಿ.

ಮೊದಲೇ ಹೇಳಿಬಿಡುತ್ತೇನೆ. ಸರ್ಕಾರ ಈ ಕಡೆ ತಲೆ ಹಾಕಲೇಬಾರದು ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ನಿಯಮ ಬೇಕು. ಆದರೆ ಬಿಲ್ಲನ್ನು ಬಿಟ್ಟು ಬಾಣ ಹಾರುವ ಜಾಗಕ್ಕೆ ನಿಯಮ ಬೇಕು. ಕ್ರಾಸ್‌ಬೋ, ಅಂದರೆ ಬಂದೂಕಿನ ಹಾಗೆ ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು, ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಬಂದೂಕಿಗೂ ಬಿಲ್ಲಿಗೂ ಇರುವ ವ್ಯತ್ಯಾಸ ಕೈಯಲ್ಲಿ ಹಿಡಿದು ನೋಡಿದವರಿಗೆ ಬೇಗ ಗೊತ್ತಾಗುತ್ತದೆ. ಬಂದೂಕಿನ ಶಕ್ತಿ ತೋಟಾದ ಒಳಗಿರುತ್ತದೆ. ಬಿಲ್ಲಿನ ಶಕ್ತಿ ಎಳೆಯುವವರ ಬೆನ್ನು, ಭುಜಗಳಿಂದ ಬರಬೇಕು. ಒಲಿಂಪಿಕ್ಸ್‌ನಲ್ಲಿ ನೋಡುವ ರಿಕರ್ವ್ ಬಿಲ್ಲನ್ನೇ ತೆಗೆದುಕೊಳ್ಳಿ. 40 ಪೌಂಡಿನ ಬಿಲ್ಲು ಎಂದರೆ, ಹೆದೆಯನ್ನು ಪೂರ್ತಿ ಎಳೆದಾಗ ಸುಮಾರು 18 ಕಿಲೋ ಭಾರ ಮೂರು ಬೆರಳಿನ ಮೇಲೆ ನಿಲ್ಲುತ್ತದೆ. ಅದನ್ನು ಹಿಡಿದು ಕೆಲವು ಸೆಕೆಂಡ್ ಕಳೆಯುವುದರೊಳಗೆ ತೋಳು ನಡುಗಲು ಶುರುವಾಗುತ್ತದೆ. ಹೊಸಬರಿಗೆ ನಾವು 16ರಿಂದ 20 ಪೌಂಡಿನದ್ದು ಕೊಡುತ್ತೇವೆ. ಜಿಮ್‌ಗೆ ಹೋಗಿ ತೋಳು ಉಬ್ಬಿಸಿಕೊಂಡ ಹುಡುಗರು ಬಂದು, "ಆಂಟಿ, ದೊಡ್ಡ ಬಿಲ್ಲು ಕೊಡಿ" ಎನ್ನುತ್ತಾರೆ. ಚಿಕ್ಕದನ್ನೇ ಕೊಟ್ಟು ಹತ್ತು ಬಾಣ ಬಿಡಿಸುತ್ತೇನೆ. ಆಮೇಲೆ ಆ ಮಾತು ಬರುವುದಿಲ್ಲ. ಎಳೆಯಲು ಬೇಕಾದ ಸ್ನಾಯು ಬೆನ್ನಿನಲ್ಲಿ ಎಲ್ಲೋ ಇರುತ್ತದೆ, ಅದು ಕನ್ನಡಿಯಲ್ಲಿ ಕಾಣುವುದಿಲ್ಲ.

ಕಾಂಪೌಂಡ್ ಬಿಲ್ಲಿನ ಲೆಕ್ಕ ಸ್ವಲ್ಪ ಬೇರೆ. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬವರಿಗೆ 1969ರಲ್ಲಿ ಅದರ ಪೇಟೆಂಟ್ ಸಿಕ್ಕಿತು. ಎರಡೂ ತುದಿಗಳಲ್ಲಿ ಗಾಲಿಯಂಥ ಕ್ಯಾಮ್ ಇರುತ್ತವೆ. ಎಳೆಯುವಾಗ ನಡುವೆ ತುಂಬಾ ಬಿಗಿ, ಕೊನೆಗೆ ಬಂದಾಗ ಭಾರ ಏಕಾಏಕಿ ಇಳಿದುಬಿಡುತ್ತದೆ. 60 ಪೌಂಡಿನದ್ದು ಕೈಗೆ 15-20 ಪೌಂಡ್ ಅನಿಸುತ್ತದೆ. ಸ್ಪರ್ಧೆಗಳಲ್ಲಿ ವಿಶ್ವ ಸಂಸ್ಥೆ ವರ್ಲ್ಡ್ ಆರ್ಚರಿ ಹಾಕಿದ ಮಿತಿಯೂ ಅದೇ 60 ಪೌಂಡ್. ರಿಕರ್ವ್‌ಗಿಂತ ಹೆಚ್ಚು ಹೊತ್ತು ಹಿಡಿದು ನಿಲ್ಲಬಹುದು, ನಿಜ. ಆದರೂ ಹಿಡಿದಿರುವುದು ಮನುಷ್ಯನೇ. ಸುಸ್ತಾದರೆ ಇಳಿಸಲೇಬೇಕು.

ಕ್ರಾಸ್‌ಬೋನಲ್ಲಿ ಈ ಮಾತಿಲ್ಲ. ಹೆದೆಯನ್ನು ಒಮ್ಮೆ ಹಿಂದಕ್ಕೆಳೆದು ಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು. ಭಾರವನ್ನು ಕೊಂಡಿ ಹೊರುತ್ತದೆ. ಅದನ್ನು ಹಿಡಿದವನು ಬಾಗಿಲ ಹಿಂದೆ ಬಗ್ಗಿ ಎಷ್ಟು ಹೊತ್ತು ಬೇಕಾದರೂ ಕಾಯಬಹುದು. ತಿಂಗಳುಗಟ್ಟಲೆ ಅಭ್ಯಾಸವೂ ಬೇಡ, ಟ್ರಿಗರ್ ಒತ್ತುವುದು ಗೊತ್ತಿದ್ದರೆ ಸಾಕು. ಇವೆರಡನ್ನೂ ಒಂದೇ ಕಾನೂನಿನಲ್ಲಿ ಕಟ್ಟಿಹಾಕುವುದೇ ತಪ್ಪು ಎಂದು ನನ್ನ ಅಭಿಪ್ರಾಯ. ಎಷ್ಟೋ ದೇಶಗಳು ಇದನ್ನು ಆಗಲೇ ಗುರುತಿಸಿವೆ. ಬ್ರಿಟನ್‌ನಲ್ಲಿ ಕ್ರಾಸ್‌ಬೋಗೆ ಅಂತಲೇ 1987ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಈಗ ಅಲ್ಲಿ 18 ವರ್ಷ ತುಂಬದವರಿಗೆ ಅದನ್ನು ಮಾರುವಂತಿಲ್ಲ. ಜರ್ಮನಿಯ ಶಸ್ತ್ರ ಕಾನೂನು ಕ್ರಾಸ್‌ಬೋವನ್ನು ಬಂದೂಕಿನ ಸಾಲಿಗೆ ಸೇರಿಸುತ್ತದೆ, ಕೈಯಲ್ಲಿ ಎಳೆಯುವ ಬಿಲ್ಲನ್ನು ಆಟದ ಸಾಮಾನು ಎಂದು ಹೊರಗಿಡುತ್ತದೆ. ಕೆನಡಾದಲ್ಲಿ ಒಂದೇ ಕೈಯಲ್ಲಿ ಹಾರಿಸಬಹುದಾದ ಕ್ರಾಸ್‌ಬೋ ಮತ್ತು 500 ಮಿಲಿಮೀಟರಿಗಿಂತ ಉದ್ದವಿಲ್ಲದ ಕ್ರಾಸ್‌ಬೋ ಪೂರ್ತಿ ನಿಷೇಧ. ಬಟ್ಟೆಯ ಒಳಗೆ ಅಡಗಿಸಬಹುದಾದದ್ದು ಯಾವುದು ಎಂದು ಯೋಚಿಸಿ ಬರೆದ ನಿಯಮ ಅದು ಎಂದು ಓದಿದರೇ ತಿಳಿಯುತ್ತದೆ. ಬಿಚ್ಚದೆ ಹಾಗೇ ಇಟ್ಟ ರಿಕರ್ವ್ ಬಿಲ್ಲು ಹೆಚ್ಚುಕಡಿಮೆ ಆಳುದ್ದ ಇರುತ್ತದೆ. ಅದನ್ನು ಬಸ್ಸಿನಲ್ಲಿ ಒಯ್ಯುವುದೇ ಕಷ್ಟ, ಅಡಗಿಸುವುದು ಆಮೇಲಿನ ಮಾತು.

ಹಾಗಾದರೆ ಬಿಲ್ಲು ಅಪಾಯವೇ ಅಲ್ಲವಾ? ಅಪಾಯವೇ. ನಮ್ಮ ಮೈದಾನದವರು ಕೆಲವರು, "ಇದು ಬರೀ ಆಟ, ಏನೂ ಆಗಲ್ಲ" ಎಂದು ಕೈ ಝಾಡಿಸುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. 20 ಗ್ರಾಂ ತೂಕದ ಬಾಣ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 36 ಜೂಲ್. ಇಂಗ್ಲೆಂಡಿನಲ್ಲಿ ಏರ್ ರೈಫಲ್‌ಗೆ ಪರವಾನಗಿ ಬೇಕಾಗುವ ಗಡಿ 12 ಫುಟ್-ಪೌಂಡ್, ಅಂದರೆ ಸುಮಾರು 16 ಜೂಲ್. ನಮ್ಮ ಸಾಧಾರಣ ಟಾರ್ಗೆಟ್ ಬಿಲ್ಲು ಅದರ ಎರಡು ಪಟ್ಟು ದಾಟುತ್ತದೆ. ಇದನ್ನು ಮುಚ್ಚಿಟ್ಟು ವಾದ ಮಾಡಬಾರದು. ಲೈಸೆನ್ಸ್ ಬೇಕು ಎಂದ ಓದುಗರಿಗೆ ಈ ಲೆಕ್ಕ ಗೊತ್ತಿದ್ದರೆ ಅವರ ಪತ್ರಕ್ಕೆ ಇನ್ನೂ ಬಲ ಬರುತ್ತಿತ್ತು.

ಅವರು ಉದಾಹರಣೆ ಕೊಟ್ಟಿದ್ದು ನಾರ್ವೆಯದ್ದು. 2021ರ ಅಕ್ಟೋಬರ್ 13ರಂದು ಕಾಂಗ್ಸ್‌ಬರ್ಗ್ ಎಂಬ ಊರಿನಲ್ಲಿ ಒಬ್ಬ ಬಿಲ್ಲು ಬಾಣ ಹಿಡಿದು ಜನರ ಮೇಲೆ ಬಿದ್ದ. ಐವರು ಸತ್ತರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ "ಬಿಲ್ಲು ಬಾಣದ ದಾಳಿ" ಎಂದೇ ತಲೆಬರಹ ಬಂತು. ಕೆಲವು ದಿನಗಳ ನಂತರ ಪೊಲೀಸರು ಇನ್ನೊಂದು ವಿಷಯ ಹೇಳಿದರು. ಸತ್ತ ಐವರೂ ಬಾಣದಿಂದ ಸತ್ತವರಲ್ಲ, ಇರಿತದಿಂದ ಸತ್ತವರು. ಈ ಎರಡನೆಯ ಸುದ್ದಿ ಮೊದಲನೆಯದರಷ್ಟು ದೂರ ಹೋಗಲಿಲ್ಲ. ಇರಿದ ಆಯುಧ ಯಾವ ನೋಂದಣಿಯಲ್ಲೂ ಬರುವಂಥದ್ದಲ್ಲ. ಆ ಮನುಷ್ಯನ ವಿಷಯ ಪೊಲೀಸರಿಗೆ ಮೊದಲೇ ಗೊತ್ತಿತ್ತು. ಕೊನೆಗೆ ಕೋರ್ಟು ಅವನನ್ನು ಮಾನಸಿಕ ಚಿಕಿತ್ಸೆಗೆ ಒಪ್ಪಿಸಿತು. ಬಿಲ್ಲಿಗೆ ನಂಬರ್ ಇದ್ದಿದ್ದರೆ ಆ ಸಂಜೆ ಏನು ಬೇರೆಯಾಗುತ್ತಿತ್ತು? ನನಗಂತೂ ತೋಚುವುದಿಲ್ಲ.

ಕ್ರಾಸ್‌ಬೋ ವಿಷಯದಲ್ಲಿ ಮಾತ್ರ ಅವರಿಗೆ ಪೂರ್ತಿ ಬೆಂಬಲ. 2021ರ ಕ್ರಿಸ್‌ಮಸ್ ದಿನ ಬ್ರಿಟನ್‌ನ ವಿಂಡ್ಸರ್ ಅರಮನೆಯ ಆವರಣದಲ್ಲಿ ಸಿಕ್ಕಿಬಿದ್ದವನ ಕೈಯಲ್ಲಿ ಇದ್ದದ್ದು ಕ್ರಾಸ್‌ಬೋ. ರಾಣಿ ಆಗ ಅಲ್ಲೇ ಇದ್ದರು. 2024ರ ಜುಲೈನಲ್ಲಿ ಬುಶಿ ಎಂಬಲ್ಲಿ ಒಂದೇ ಮನೆಯ ಮೂವರು ಹೆಂಗಸರ ಕೊಲೆ ನಡೆದಾಗಲೂ ಅಲ್ಲಿ ಕ್ರಾಸ್‌ಬೋ ಇತ್ತು. ಕೊಳ್ಳುವ ವಯಸ್ಸಿನ ಮಿತಿ ಮಾತ್ರ ಇಟ್ಟರೆ ಸಾಲದು ಎಂಬುದಕ್ಕೆ ಇವೆರಡೇ ಸಾಕು. ಅದಕ್ಕೆ ಲೈಸೆನ್ಸ್ ಬರಲಿ, ನಾನು ಸಹಿ ಹಾಕುತ್ತೇನೆ. ಕಾಂಪೌಂಡ್ ಬಿಲ್ಲನ್ನು ಎಳೆದ ಸ್ಥಿತಿಯಲ್ಲೇ ನಿಲ್ಲಿಸಿಡುವ ಡ್ರಾ-ಲಾಕ್ ಎಂಬ ಸಾಧನ ಸಿಗುತ್ತದೆ. ಅದನ್ನೂ ಕ್ರಾಸ್‌ಬೋ ಜೊತೆಗೇ ಸೇರಿಸಲಿ. ಹೊರುವುದು ಕೊಂಡಿಯಾ, ಕೈಯಾ ಎಂದು ನೋಡಿದರೆ ಕಾನೂನು ಬರೆಯುವವರಿಗೆ ಗೆರೆ ಎಲ್ಲಿ ಎಳೆಯಬೇಕು ಎಂದು ಗೊತ್ತಾಗುತ್ತದೆ.

ಈಗ ನಂಬರ್ ಹಾಕುವ ವಿಷಯ. ಇದನ್ನು ಓದಿದಾಗ ನನಗೆ ನಗು ಬಂತು, ಕ್ಷಮಿಸಿ.

ರಿಕರ್ವ್ ಬಿಲ್ಲು ಒಂದು ವಸ್ತು ಅಲ್ಲ. ನಡುವೆ ಹಿಡಿಕೆ, ಅದಕ್ಕೆ ರೈಸರ್ ಎನ್ನುತ್ತೇವೆ. ಮೇಲೊಂದು ಕೆಳಗೊಂದು ಲಿಂಬ್, ಅಂದರೆ ಎಳೆದಾಗ ಬಾಗುವ ತೋಳು. ಅಭ್ಯಾಸ ಮುಗಿದ ತಕ್ಷಣ ಮೂರನ್ನೂ ಬಿಚ್ಚಿ ಬ್ಯಾಗಿಗೆ ಹಾಕುತ್ತಾರೆ. ಹೆಚ್ಚಿನ ಕಂಪನಿಗಳ ಲಿಂಬ್ ಇನ್ನೊಂದು ಕಂಪನಿಯ ರೈಸರ್‌ಗೂ ಕೂರುತ್ತದೆ, ಜೋಡಣೆಯ ಅಳತೆ ಒಂದೇ. ಬೆಳೆಯುವ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ ಲಿಂಬ್ ಬದಲಿಸಬೇಕು. 18 ಪೌಂಡಿನದ್ದು ಹಗುರವಾದರೆ 22, ಆಮೇಲೆ 26. ಒಬ್ಬಳು ಬಿಟ್ಟ ಲಿಂಬ್ ಅವಳ ನಂತರ ಬಂದವಳಿಗೆ, ಅವಳದ್ದು ಇನ್ನೊಬ್ಬ ಹುಡುಗನಿಗೆ. ನಮ್ಮ ಕೋಣೆಯ ಕಪಾಟಿನಲ್ಲಿ ಒಂದು ಜೊತೆ ಲಿಂಬ್ ಇದೆ, ಅದರ ಮೇಲೆ ಹಳೆಯ ಮಕ್ಕಳೆಲ್ಲ ಪೆನ್ನಿನಲ್ಲಿ ತಮ್ಮ ಹೆಸರಿನ ಮೊದಲಕ್ಷರ ಬರೆದು ಬಣ್ಣವೇ ಕಾಣದ ಹಾಗಾಗಿದೆ. ಇದರಲ್ಲಿ ನಂಬರ್ ಹಾಕುವುದು ಯಾವುದಕ್ಕೆ? ರೈಸರ್‌ಗೆ ಹಾಕಿದರೆ ಅದು ಒಂದು ಲೋಹದ ಹಿಡಿಕೆ ಮಾತ್ರ, ಅದರಿಂದ ಬಾಣ ಹಾರುವುದಿಲ್ಲ. ಲಿಂಬ್‌ಗೆ ಹಾಕಿದರೆ ಪ್ರತಿ ಬದಲಾವಣೆಗೂ ಠಾಣೆಗೆ ಓಡಬೇಕು. ಬಾಣದ ಒಂದೊಂದು ಕಡ್ಡಿಗೂ ಹಾಕುತ್ತೀರಾ? ಬಾಣವನ್ನು ನಾವು ಅವರವರ ತೋಳಿನ ಅಳತೆಗೆ ಕತ್ತರಿಸಿ, ಮೊನೆ ಕೂರಿಸಿ, ಹಿಂದೆ ಗರಿ ಅಂಟಿಸಿ ಮಾಡಿಕೊಳ್ಳುತ್ತೇವೆ. ಹುಲ್ಲಿನೊಳಗೆ ನುಗ್ಗಿ ಕಳೆದುಹೋಗುವುದು ದಿನದ ಪಾಡು. ಪ್ರತಿ ಕಳೆದ ಬಾಣಕ್ಕೂ ದೂರು ಕೊಡಬೇಕಾದರೆ ಆ ಠಾಣೆಯಲ್ಲಿ ಬೇರೆ ಕೆಲಸ ನಡೆಯುವುದಿಲ್ಲ.

ಹೆದೆಯ ಕಥೆ ಇನ್ನೂ ಸರಳ. ಎರಡು ಗೂಟಗಳ ನಡುವೆ ನೂಲನ್ನು ಹದಿನಾರೋ ಹದಿನೆಂಟೋ ಎಳೆ ಬರುವ ಹಾಗೆ ಸುತ್ತಿ, ಎರಡೂ ತುದಿಗೆ ಮತ್ತು ಬಾಣ ಕೂರುವ ಮಧ್ಯಕ್ಕೆ ಇನ್ನೊಂದು ದಾರ ಬಿಗಿದರೆ ಹೆದೆ ತಯಾರು. ನಾನು ಟಿವಿ ನೋಡುತ್ತಾ ಕಟ್ಟುತ್ತೇನೆ. ಮರದ ಬಿಲ್ಲಂತೂ ಕತ್ತಿ, ಉಳಿ ಇದ್ದವರು ಮಾಡಿಕೊಳ್ಳಬಹುದು. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಆ ನೌಕೆಯಲ್ಲಿ ನೂರಕ್ಕೂ ಹೆಚ್ಚು ಮರದ ಬಿಲ್ಲು ಸಿಕ್ಕವು, ಸಾವಿರಗಟ್ಟಲೆ ಬಾಣ ಸಿಕ್ಕವು. ಅವುಗಳಲ್ಲಿ ಎಷ್ಟೋ ಬಿಲ್ಲು ಎಳೆಯಲು 100 ಪೌಂಡಿಗೂ ಜಾಸ್ತಿ ಬಲ ಬೇಕಿತ್ತು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಯಾವ ಕಾರ್ಖಾನೆಯೂ ಇಲ್ಲದೆ, ಮರ ಕೆತ್ತಿ ಮಾಡಿದ್ದು. ಅಂಥದ್ದನ್ನು ರಿಜಿಸ್ಟರಿನಲ್ಲಿ ಹಿಡಿದಿಡಲು ಹೋದರೆ, ಸಿಗುವುದು ಹೇಳಿದ ಮಾತು ಕೇಳುವವರ ಹೆಸರು ಮಾತ್ರ. ಶಾಲೆಯ ಮಕ್ಕಳು, ಅವರ ಅಪ್ಪ ಅಮ್ಮ, ನನ್ನಂಥವರು.

ರಾಜರ ಕಾಲದಿಂದಲೂ ಈ ಜಗ್ಗಾಟ ಇದೆ. 1139ರಲ್ಲಿ ರೋಮಿನ ಲ್ಯಾಟರನ್ ಸಭೆಯಲ್ಲಿ ಕ್ರೈಸ್ತ ಧರ್ಮಗುರುಗಳು, ಕ್ರೈಸ್ತರ ಮೇಲೆ ಬಿಲ್ಲು, ಕ್ರಾಸ್‌ಬೋ ಬಳಸಬಾರದು ಎಂದು ಕಟ್ಟಳೆ ಮಾಡಿದರು. ಯುದ್ಧ ಮಾಡುವವರು ಯಾರೂ ಕಿವಿಗೊಡಲಿಲ್ಲ. 1363ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್ ಇದಕ್ಕೆ ಪೂರ್ತಿ ಉಲ್ಟಾ ಆಜ್ಞೆ ಹೊರಡಿಸಿದ. ರಜೆಯ ದಿನ ಗಂಡಸರು ಫುಟ್‌ಬಾಲ್ ಗಿಟ್‌ಬಾಲ್ ಬಿಟ್ಟು ಬಿಲ್ಲಿನ ಅಭ್ಯಾಸ ಮಾಡಬೇಕು ಅಂತ. 1472ರ ಹೊತ್ತಿಗೆ ಹೊರಗಿನಿಂದ ಸರಕು ತರುವ ಹಡಗುಗಳು ಬಿಲ್ಲು ಮಾಡುವ ಮರವನ್ನೂ ತರಲೇಬೇಕು ಎಂದು ಅಲ್ಲಿ ಕಾಯ್ದೆಯೇ ಆಯಿತು. ಬೇಡ ಅಂದಾಗಲೂ ಜನ ಬಿಲ್ಲು ಹಿಡಿದರು, ಹಿಡಿಯಿರಿ ಅಂದಾಗ ಫುಟ್‌ಬಾಲ್ ಆಡಿದರು.

ಲೈಸೆನ್ಸ್ ಎಂದರೆ ಅರ್ಜಿ ನಮೂನೆ. ನಮೂನೆ ಎಂದರೆ ಆರೋಗ್ಯದ ಪ್ರಮಾಣಪತ್ರ. ಕಣ್ಣು ಸರಿ ಇದೆಯಾ, ಎರಡೂ ಕೈ ಗಟ್ಟಿ ಇವೆಯಾ ಎಂದು ಯಾವನೋ ಗುಮಾಸ್ತ ಒಂದು ಕಾಲಂ ಹಾಕದೆ ಬಿಡುವುದಿಲ್ಲ. ದಕ್ಷಿಣ ಕೊರಿಯಾದ ಇಮ್ ಡಾಂಗ್-ಹ್ಯುನ್ ಅವರ ಎಡಗಣ್ಣಿನ ದೃಷ್ಟಿ ತೀರಾ ಕಡಿಮೆ. ಅವರು 2012ರ ಲಂಡನ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ 720ಕ್ಕೆ 699 ಅಂಕ ಪಡೆದು ವಿಶ್ವದಾಖಲೆ ಮಾಡಿದರು. ಎದುರಿಗಿರುವುದು 70 ಮೀಟರ್ ದೂರದ ಗುರಿ, ಅದರ ನಡುವಿನ ಹತ್ತರ ವೃತ್ತದ ಅಗಲ 12.2 ಸೆಂಟಿಮೀಟರ್. ಅಮೆರಿಕದ ಮ್ಯಾಟ್ ಸ್ಟಟ್ಜ್‌ಮನ್ ಅವರಿಗೆ ಎರಡೂ ತೋಳಿಲ್ಲ. ಕಾಲಿನಲ್ಲಿ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಶೀತಲ್ ದೇವಿ ಕಾಲಿನಿಂದಲೇ ಬಾಣ ಬಿಟ್ಟು, ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದಲ್ಲಿ ಕಂಚು ತಂದರು. ಇವರ ಅರ್ಜಿಯನ್ನು ಆ ಗುಮಾಸ್ತ ಮೊದಲ ದಿನವೇ ವಾಪಸ್ ಕಳಿಸುತ್ತಿದ್ದ. ನಮ್ಮಲ್ಲೂ ಗಾಲಿಕುರ್ಚಿಯಲ್ಲಿ ಕೂತು ಅಭ್ಯಾಸ ಮಾಡುವ ಒಬ್ಬ ಹುಡುಗನಿದ್ದಾನೆ. ಶೌಚಾಲಯಕ್ಕೆ ಇಳಿಜಾರು ಹಾಕಿಸಲು ಅವನು ಬರೆದ ಅರ್ಜಿಗಳೇ ಸಾಕಷ್ಟಿವೆ, ಇನ್ನೊಂದು ಬೇಡ.

ಹಾಗಾದರೆ ನನಗೆ ಬೇಕಾದ ನಿಯಮ ಯಾವುದು? ಇಲ್ಲಿಗೆ ಬರಬೇಕು ಅಂತಲೇ ಇಷ್ಟು ಬರೆದದ್ದು.

ನಾವು ಅಭ್ಯಾಸ ಮಾಡುವ ಮೈದಾನ ನಮ್ಮದಲ್ಲ, ಒಂದು ಸಂಸ್ಥೆಯದ್ದು. ಹೆಸರು ಬೇಡ. ಗುರಿಗಳ ಹಿಂದೆ ಒಂದು ಕಾಲುದಾರಿ ಇದೆ. ಬೆಳಿಗ್ಗೆ ವಾಕಿಂಗ್ ಹೋಗುವವರು, ಫೋನಿನಲ್ಲಿ ಮಾತಾಡುತ್ತಾ ನಡೆಯುವವರು, ನಾಯಿ ಹಿಡಿದುಕೊಂಡು ಬರುವವರು ಎಲ್ಲರೂ ಅಲ್ಲೇ ಓಡಾಡುತ್ತಾರೆ. ಗುರಿ ತಪ್ಪಿದ ಬಾಣ ಅಲ್ಲೇ ಬೀಳುವುದಿಲ್ಲ. ಹುಲ್ಲಿನ ಮೇಲೆ ಜಾರಿಕೊಂಡು ಇನ್ನೂ ಎಷ್ಟೋ ದೂರ ಹೋಗುತ್ತದೆ. ಮೇಲಕ್ಕೆ ಎತ್ತಿ ಬಿಟ್ಟರಂತೂ 40 ಪೌಂಡಿನ ಬಿಲ್ಲಿನ ಬಾಣ 200 ಮೀಟರ್ ದಾಟಬಲ್ಲದು. ಗುರಿಗಳ ಹಿಂದೆ ಒಂದು ಮಣ್ಣಿನ ದಿಬ್ಬ, ಎರಡೂ ಕಡೆ ಬೇಲಿ, ಕಾಲುದಾರಿ ಸ್ವಲ್ಪ ಆಚೆಗೆ. ಇಷ್ಟು ಮಾಡಿಸಿ ಎಂದು ಬರೆದು ಕೊಟ್ಟೆವು. ಬಂದ ಉತ್ತರ ಏನು ಗೊತ್ತಾ? ಈಜುಕೊಳಕ್ಕೆ ಸುರಕ್ಷತೆಯ ನಿಯಮ ಇದೆ, ಅದಕ್ಕೆ ದುಡ್ಡು ಬರುತ್ತದೆ. ಬಿಲ್ಲುಗಾರಿಕೆಗೆ ಯಾವ ನಿಯಮದಲ್ಲೂ ಬೇಲಿ ಕಡ್ಡಾಯ ಎಂದಿಲ್ಲ, ಆದ್ದರಿಂದ ಅದಕ್ಕೆ ಖರ್ಚು ಮಾಡಲು ಬರುವುದಿಲ್ಲ. ಬೇಕಾದರೆ ಒಂದು ಬೋರ್ಡ್ ಹಾಕಿಕೊಳ್ಳಿ ಎಂದರು. ಹಾಕಿಕೊಂಡಿದ್ದೇವೆ. ಬೋರ್ಡಿಗೆ ಒರಗಿ ನಿಂತು ಜನ ಶೂ ಲೇಸ್ ಕಟ್ಟಿಕೊಳ್ಳುತ್ತಾರೆ.

ಹೀಗಾಗಿ ಬೇಲಿ ಮಾಡಬೇಕಾದ ಕೆಲಸವನ್ನು ನನ್ನ ಸೀಟಿ ಮಾಡುತ್ತಿದೆ. ಎರಡು ಸಲ ಊದಿದರೆ ಎಲ್ಲರೂ ಗೆರೆಗೆ ಬರಬೇಕು. ಒಂದು ಸಲ ಊದಿದರೆ ಬಾಣ ಬಿಡಬಹುದು. ಮೂರು ಸಲ ಊದಿದರೆ ಬಿಲ್ಲು ಕೆಳಗಿಟ್ಟು ಬಾಣ ಕೀಳಲು ಹೋಗಬೇಕು. ಐದಾರು ಸಲ ಬಿಡದೆ ಊದಿದರೆ, ಎಲ್ಲಿದ್ದೀರೋ ಅಲ್ಲೇ ನಿಲ್ಲಿಸಿ, ಎಳೆದ ಹೆದೆಯನ್ನು ಮೆಲ್ಲಗೆ ಇಳಿಸಿ ಎಂದರ್ಥ. ಜಗತ್ತಿನ ಎಷ್ಟೋ ಮೈದಾನಗಳಲ್ಲಿ ಇದೇ ಪದ್ಧತಿ, ಭಾಷೆ ಬರದಿದ್ದರೂ ನಡೆಯುತ್ತದೆ. ನಮ್ಮಲ್ಲಿ ಐದಾರು ಸಲ ಊದುವ ಸೀಟಿ ತುರ್ತಿಗೆ ಮಾತ್ರ ಎಂದು ಉಳಿದಿಲ್ಲ. ಕಾಲುದಾರಿಯಲ್ಲಿ ಯಾರಾದರೂ ಕಂಡರೆ ಊದುತ್ತೇನೆ. ಮಕ್ಕಳು ನಿಟ್ಟುಸಿರು ಬಿಟ್ಟು ಬಿಲ್ಲು ಇಳಿಸುತ್ತಾರೆ. ನಡೆಯುವವರು, ಯಾರನ್ನೋ ಕರೆಯುತ್ತಿದ್ದೇನೆ ಎಂದುಕೊಂಡು ನಿಂತು ನೋಡುತ್ತಾರೆ. ಸರಿಯಾಗಿ ಗುರಿಯ ಹಿಂದೆಯೇ ನಿಲ್ಲುತ್ತಾರೆ.

ಬಿಲ್ಲಿನಿಂದ ಆಗುವ ಗಾಯಗಳನ್ನು ಹತ್ತಿರದಿಂದ ನೋಡಿದವಳು ನಾನು. ಅವು ಪತ್ರಿಕೆಗೆ ಬರುವ ಥರದವಲ್ಲ. ಹೆದೆ ಮುಂಗೈಗೆ ಬಡಿದು ನೀಲಿಗಟ್ಟುವುದು. ಗುರಿಯಿಂದ ಬಾಣ ಕೀಳುವಾಗ ಹಿಂದೆ ನಿಂತವರ ಮುಖಕ್ಕೆ ಅದರ ಬಾಲ ತಾಗುವುದು. ಬಾಣ ಹೂಡದೆ ಹೆದೆ ಎಳೆದು ಸುಮ್ನೆ ಬಿಟ್ಟು ಲಿಂಬ್ ಸಿಡಿಯುವುದು. ಇವೆಲ್ಲಕ್ಕಿಂತ ನನಗೆ ಹೆದರಿಕೆ ಬಿರುಕು ಬಿಟ್ಟ ಕಾರ್ಬನ್ ಬಾಣದ್ದು. ಹಿಂದೆ ಬಿಟ್ಟ ಬಾಣಕ್ಕೆ ಇನ್ನೊಂದು ಬಾಣ ತಾಗಿದಾಗ ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಮತ್ತೆ ಹೂಡಿ ಬಿಟ್ಟರೆ ಬಿಲ್ಲಿನಲ್ಲೇ ಮುರಿದು, ಸೂಜಿಯಂಥ ಚೂರುಗಳು ಬಿಲ್ಲು ಹಿಡಿದ ಕೈಗೇ ನುಗ್ಗಬಹುದು. ಆದ್ದರಿಂದ ಪ್ರತಿ ಬಾಣವನ್ನೂ ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ, ತಿರುಗಿಸಿ, ಮತ್ತೆ ಬಗ್ಗಿಸಿ ಕಿವಿಯ ಹತ್ತಿರ ಇಟ್ಟು ಕೇಳಬೇಕು. ಸರಿಯಿದ್ದರೆ ಸದ್ದಿಲ್ಲ. ಸೀಳಿದ್ದರೆ ಚರ್ ಎಂಬ ಸಣ್ಣ ಸದ್ದು. ನಾನು ಮಕ್ಕಳಿಗೆ ಮೊದಲು ಕಲಿಸುವುದು ಇದನ್ನೇ, ಗುರಿ ಇಡುವುದು ಆಮೇಲೆ. ಇದನ್ನು ಕಲಿಸದೆ ಬರೀ ಬಾಣ ಬಿಡಿಸುವ ಶಿಬಿರಗಳೂ ನಡೆಯುತ್ತವೆ. ಅಲ್ಲಿ ಕಲಿಸುವವರಿಗೆ ಏನು ಗೊತ್ತಿದೆ ಎಂದು ಕೇಳುವವರಿಲ್ಲ. ರೀಲ್ಸ್ ನೋಡಿ, ಬಿಲ್ಲನ್ನು ಆಕಾಶಕ್ಕೆ ಎತ್ತಿ ಎಳೆದು ಕೆಳಗಿಳಿಸುವ ಶೈಲಿ ಕಲಿತು ಬರುವ ಹುಡುಗರಿದ್ದಾರೆ. ಬೆರಳು ಜಾರಿದರೆ ಬಾಣ ಮೈದಾನ ದಾಟಿ ಹೋಗುತ್ತದೆ. ವರ್ಲ್ಡ್ ಆರ್ಚರಿಯ ನಿಯಮದಲ್ಲಿ ಅಂಥ ಎಳೆತಕ್ಕೆ ಅವಕಾಶವೇ ಇಲ್ಲ. ಆದರೆ ಆ ನಿಯಮ ಸ್ಪರ್ಧೆಗೆ ಬರುವವರಿಗೆ ಮಾತ್ರ.

ಸರ್ಕಾರ ಬರೆಯಬೇಕಾದದ್ದು ಇಲ್ಲಿ. ಬಾಣ ಬಿಡುವ ಜಾಗ ಯಾವುದೇ ಆಗಲಿ, ಶಾಲೆ, ಕ್ಲಬ್, ರೆಸಾರ್ಟ್, ಜಾತ್ರೆಯ ಮಳಿಗೆ, ಹಿಂದೆ ತಡೆ ಇರಬೇಕು, ಅಕ್ಕಪಕ್ಕ ಯಾರೂ ನುಗ್ಗದ ಹಾಗಿರಬೇಕು, ಸೀಟಿ ಹಿಡಿದ ಒಬ್ಬ ಜವಾಬ್ದಾರಿಯ ಮನುಷ್ಯ ಇರಬೇಕು. ವರ್ಷಕ್ಕೊಮ್ಮೆ ಯಾರಾದರೂ ಬಂದು ಅಳತೆಪಟ್ಟಿ ಹಿಡಿದು ನೋಡಲಿ. ಸರಿ ಇಲ್ಲದಿದ್ದರೆ ಮುಚ್ಚಿಸಲಿ, ನಮ್ಮದನ್ನೂ ಸೇರಿಸಿ. ಬಿಲ್ಲುಗಾರರ ಮೇಲೆ ಹೇರುವ ಲೈಸೆನ್ಸ್ ನಮ್ಮ ಕಾಲುದಾರಿಯಲ್ಲಿ ನಡೆಯುವವರನ್ನು ಕಾಪಾಡುವುದಿಲ್ಲ. ದಿಬ್ಬ ಕಾಪಾಡುತ್ತದೆ.

ಮಾರಾಟಕ್ಕೂ ಒಂದೆರಡು ಮಾತು ಬೇಕು. ಆನ್‌ಲೈನ್‌ನಲ್ಲಿ "ಮಕ್ಕಳ ಆಟಿಕೆ" ಎಂದು ಬರೆದು ಬರುವ ಕೆಲವು ಬಿಲ್ಲುಗಳನ್ನು ಪೋಷಕರು ನನ್ನ ಹತ್ತಿರ ತಂದು ತೋರಿಸುತ್ತಾರೆ. ತಕ್ಕಡಿಗೆ ಸಿಕ್ಕಿಸಿ ಎಳೆದು ನೋಡಿದರೆ ದೊಡ್ಡವರ ಬಿಲ್ಲಿನಷ್ಟು ಭಾರ ತೋರಿಸುತ್ತದೆ. ಡಬ್ಬದ ಮೇಲೆ ಎಷ್ಟು ಪೌಂಡ್ ಎಂದಿಲ್ಲ, ಬಾಣ ಎಷ್ಟು ಉದ್ದ ಇರಬೇಕು ಎಂದಿಲ್ಲ. ಬಾಣ ಗಿಡ್ಡವಾದರೆ ಎಳೆದಾಗ ಮೊನೆ ಒಳಗೆ ಬಂದು ಕೈಗೇ ಚುಚ್ಚುತ್ತದೆ. ಎಳೆತದ ಭಾರ, ಬಾಣದ ಕನಿಷ್ಠ ಉದ್ದ, ಬಾಣವಿಲ್ಲದೆ ಹೆದೆ ಬಿಡಬೇಡಿ ಎಂಬ ಎಚ್ಚರಿಕೆ, ಇಷ್ಟನ್ನು ಡಬ್ಬದ ಮೇಲೆ ಅಚ್ಚು ಹಾಕುವುದು ಕಡ್ಡಾಯ ಮಾಡಲು ಹೊಸ ಇಲಾಖೆಯೇನೂ ಬೇಡ. ಬೇಟೆಗೆಂದೇ ಮಾಡಿದ ಬ್ಲೇಡಿನ ಮೊನೆಗಳನ್ನು ಮಕ್ಕಳಿಗೆ ಮಾರಬಾರದು. ಗುರಿಗೆ ಹೊಡೆಯುವವರಿಗೆ ಅದರ ಅವಶ್ಯಕತೆಯೇ ಇಲ್ಲ, ಗುರಿ ಹಾಳಾಗುತ್ತದೆ ಅಷ್ಟೇ. ಅಮೆರಿಕದಲ್ಲಿ ಎಳೆತ 30 ಪೌಂಡ್ ಮತ್ತು ಅದಕ್ಕಿಂತ ಜಾಸ್ತಿ ಇರುವ ಬಿಲ್ಲಿನ ಮೇಲೆ ಶೇ 11ರ ತೆರಿಗೆ ಇದೆ. ಆ ಹಣ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ, ಅಭ್ಯಾಸದ ಮೈದಾನ ಕಟ್ಟಲೂ ಬಳಸಬಹುದು. ತೆರಿಗೆ ಎಂದರೆ ನನಗೂ ಇಷ್ಟವಿಲ್ಲ. ಆದರೆ ಕಟ್ಟಿದ್ದು ಬೇಲಿಯಾಗಿ ವಾಪಸ್ ಬರುವುದಾದರೆ ಗೊಣಗುವುದಿಲ್ಲ.

ಬೇಟೆಯದ್ದು ಬೇರೆಯೇ ಕಾನೂನು. ಬ್ರಿಟನ್ 1981ರ ವನ್ಯಜೀವಿ ಕಾಯ್ದೆಯಲ್ಲಿ ಬಿಲ್ಲಿನಿಂದ ಕಾಡುಪ್ರಾಣಿ ಕೊಲ್ಲುವುದನ್ನು ನಿಲ್ಲಿಸಿತು. ಡೆನ್ಮಾರ್ಕ್ ಬಿಲ್ಲಿನ ಬೇಟೆಗೆ ಪ್ರತ್ಯೇಕ ಪರೀಕ್ಷೆ ಇಟ್ಟಿದೆ. ಎರಡೂ ಕಡೆ ತಡೆ ಹಾಕಿರುವುದು ಆ ಕೆಲಸಕ್ಕೆ.

ಇನ್ನು ಉಳಿದದ್ದು ಆ ಓದುಗರ ಕೊನೆಯ ಪ್ರಶ್ನೆ. ಹಿಂದೆ ಹೊಡೆದಾಟ, ಕೊಲೆಬೆದರಿಕೆಯ ಕೇಸು ಇರುವವನು ಅಂಗಡಿಗೆ ಹೋಗಿ ಬಿಲ್ಲು ಕೊಂಡರೆ? ಒಳ್ಳೆಯ ಪ್ರಶ್ನೆ, ಇದನ್ನು ತಳ್ಳಿಹಾಕಲಾರೆ. ಇದಕ್ಕೆ ಎಲ್ಲ ಬಿಲ್ಲುಗಳ ಪಟ್ಟಿ ಮಾಡುವುದಕ್ಕಿಂತ ಅಂಥವನ ಹೆಸರಿನ ಪಟ್ಟಿ ಮಾಡುವುದು ಸುಲಭ. ಶಿಕ್ಷೆ ಕೊಡುವಾಗಲೋ, ಹೆಂಡತಿಯ ಹತ್ತಿರ ಸುಳಿಯಬೇಡ ಎಂದು ಆದೇಶ ಕೊಡುವಾಗಲೋ, ಕೋರ್ಟು ಬಿಲ್ಲು, ಕ್ರಾಸ್‌ಬೋ ಸಹಿತ ಯಾವ ಆಯುಧವನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು ಬರೆದುಬಿಡಲಿ. ಅವನ ಕೈಯಲ್ಲಿ ಬಿಲ್ಲು ಕಂಡರೆ ಅದೇ ಅಪರಾಧ. ನಮ್ಮಂಥ ಕ್ಲಬ್ಬುಗಳಿಗೂ ಹೊಸಬರನ್ನು ಸೇರಿಸಿಕೊಳ್ಳುವಾಗ ವಿಚಾರಿಸುವ ಅಧಿಕಾರ ಕೊಡಲಿ. ಈಗ ಕೇಳಿದರೆ, "ನೀವ್ಯಾರು ಕೇಳೋಕೆ?" ಎನ್ನುತ್ತಾರೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಪತ್ರ ಉದ್ದವಾಯಿತು ಎಂದು ಗೊತ್ತಿದೆ. ಜಾಗ ಸಾಲದಿದ್ದರೆ ಇಂಗ್ಲೆಂಡಿನ ರಾಜರದ್ದು, ಮುಳುಗಿದ ಹಡಗಿನದ್ದು ಎಲ್ಲ ಕತ್ತರಿಸಿ, ಬೇಸರವಿಲ್ಲ. ಬೇಲಿಯ ಭಾಗ ಮಾತ್ರ ದಯವಿಟ್ಟು ಬಿಡಬೇಡಿ. ಅಚ್ಚಾದರೆ ಅದನ್ನು ಕತ್ತರಿಸಿಕೊಂಡು ಹೋಗಿ ಆ ಸಂಸ್ಥೆಯವರ ಮೇಜಿನ ಮೇಲೆ ಇಡುವುದಿದೆ.

ಇಂತಿ,
ಮೈದಾನದ ಆಂಟಿ